ಕ್ಯೋಟೊದಲ್ಲಿ ಸಿಕ್ಕ ‘ಬಿಕೋ’

ಜಪಾನಿನಲ್ಲಿ ಒಂಬತ್ತು ದಿನ ಇದ್ದೆವು, ನಾನೂ ಮಗಳೂ. ಟೋಕಿಯೊ, ನಾರಾ, ಒಸಾಕಾ ಎಲ್ಲ ಆಯಿತು. ಕಿಂಕಾಕುಜಿಯ ಚಿನ್ನದ ಮಂಟಪವನ್ನು ಜನರ ಹೆಗಲುಗಳ ಸಂದಿಯಲ್ಲಿ ನೋಡಿದೆ, ಅಷ್ಟೇನೂ ಹಿಡಿಸಲಿಲ್ಲ. ಊರಿಗೆ ಬಂದ ಮೇಲೂ ಬಿಡದೆ ಕಾಡುತ್ತಿರುವುದು ಒಂದು ಹಳೇ ಶಾಲೆಯಲ್ಲಿ ಕಳೆದ ದಿನ.

ಕ್ಯೋಟೊದ ಕರಾಸುಮಾ ಓಯಿಕೆ ನಿಲ್ದಾಣದಿಂದ ನಾಲ್ಕು ಹೆಜ್ಜೆಯಲ್ಲೇ ಮಾಂಗಾ, ಅಂದರೆ ಜಪಾನಿ ಚಿತ್ರಕತೆಗಳ, ವಸ್ತುಸಂಗ್ರಹಾಲಯ. ಮೊದಲ ಸಲ ಹೋದದ್ದು ಬುಧವಾರ, ಬಾಗಿಲು ಹಾಕಿತ್ತು. ದಿನಾ ತೆರೆದಿರುತ್ತದೆ ಎಂದು ನಾವು ಉಳಿದಿದ್ದ ಕಡೆಯವರು ಖಚಿತವಾಗಿ ಹೇಳಿದ್ದರು. ಮಳೆಯಲ್ಲಿ ನೆನೆದು ಅರ್ಧ ದಿನ ಹಾಳಾಯಿತು, ಆ ಸಿಟ್ಟು ಇನ್ನೂ ಇದೆ. ಹೋಗುವವರು ಯಾರ ಬಾಯಿಮಾತನ್ನೂ ನೆಚ್ಚಬೇಡಿ, ಸಂಗ್ರಹಾಲಯದ್ದೇ ವೆಬ್‌ಸೈಟಿನಲ್ಲಿ ರಜಾ ದಿನ ನೋಡಿಕೊಂಡು ಹೊರಡಿ.

ಮಾರನೇ ದಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆವು. 1869ರಲ್ಲಿ ಕ್ಯೋಟೊದ ಕೇರಿಕೇರಿಯ ಜನ ತಾವೇ ಹಣ ಹಾಕಿ 64 ಶಾಲೆಗಳನ್ನು ಕಟ್ಟಿಕೊಂಡರಂತೆ. ತತ್ಸುಇಕೆ ಶಾಲೆ ಅವುಗಳಲ್ಲಿ ಒಂದು. ಅದು ಮುಚ್ಚಿದ ಮೇಲೆ, 2006ರಲ್ಲಿ ನಗರಾಡಳಿತವೂ ಕ್ಯೋಟೊ ಸೆಯ್ಕಾ ವಿಶ್ವವಿದ್ಯಾಲಯವೂ ಸೇರಿ ಆ ಕಟ್ಟಡದಲ್ಲೇ ಈ ಸಂಗ್ರಹಾಲಯ ತೆರೆದವು. ಮರದ ನೆಲ ಕಾಲಿಟ್ಟಲ್ಲೆಲ್ಲ ಕಿರ್ ಎನ್ನುತ್ತದೆ. ಕಪಾಟುಗಳ ಉದ್ದವನ್ನೆಲ್ಲ ಕೂಡಿದರೆ 200 ಮೀಟರ್, ಸುಮಾರು 50,000 ಪುಸ್ತಕ. ಯಾರು ಬೇಕಾದರೂ ತೆಗೆದುಕೊಂಡು ಮೆಟ್ಟಿಲ ಮೇಲೋ ಹುಲ್ಲುಹಾಸಿನ ಮೇಲೋ ಕೂತು ಓದಬಹುದು. ಗಾಜಿನ ಹಿಂದೆ ಇಟ್ಟು ಪೂಜೆ ಮಾಡದೆ ಕೈಗೆ ಕೊಡುವ ಈ ರೀತಿ ನನಗೆ ತುಂಬ ಇಷ್ಟವಾಯಿತು.

ಮಗಳು ಒಂದು ಪುಸ್ತಕ ಕೊಟ್ಟಳು. ನಾನು ಎಂದಿನಂತೆ ತೆರೆದೆ.

“ಆ ಕಡೆಯಿಂದಲ್ಲಮ್ಮ, ಬಲದಿಂದ ಎಡಕ್ಕೆ ಓದಬೇಕು.”

ಪುಟದಲ್ಲಿ ಒಬ್ಬ ಹುಡುಗಿ ಮನೆಗೆ ಬರುತ್ತಾಳೆ. ಆಮೇಲಿನ ಚೌಕದಲ್ಲಿ ಗೋಡೆಗೊರಗಿಸಿದ ಕೊಡೆ. ಅದರಾಚೆ ಸೂರಿನ ಅಂಚು. ಆಮೇಲೆ ಖಾಲಿ ಚಾಪೆ. ಕತೆ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ, ಆ ಮನೆಯೊಳಗೆ ನನ್ನ ಕಣ್ಣು ಮಾತ್ರ ಸುತ್ತಾಡಿ ಬಂತು. ನಾನು ಚಿಕ್ಕಂದಿನಲ್ಲಿ ಓದಿದ ಚಿತ್ರಕತೆಗಳಲ್ಲಿ ಪ್ರತಿ ಚೌಕದಲ್ಲೂ ಏನಾದರೂ ನಡೆಯಲೇಬೇಕಿತ್ತು. ಇಲ್ಲಿ ಚಾಪೆಯ ಮೇಲೆ, ಸಣ್ಣ ಗೆರೆಯಲ್ಲಿ, ಎರಡು ಮೂರು ಅಕ್ಷರ ಅಷ್ಟೇ.

“ಇದು ಯಾರು ಆಡಿದ ಮಾತು?”

“ಮಾತಲ್ಲಮ್ಮ, ಸದ್ದು. ಶೀ——ನ್.”

“ಯಾವುದರ ಸದ್ದು?”

“ಸದ್ದೇ ಇಲ್ಲ ಅನ್ನೋದರದ್ದು.”

ನಾನು ಪುಟ ತಿರುಗಿಸಲಿಲ್ಲ. ಅಮ್ಮ ತೀರಿಕೊಂಡ ವರ್ಷ ತೀರ್ಥಹಳ್ಳಿಯ ಮನೆಯ ಬೀಗ ತೆಗೆದು ನಡುಮನೆಯಲ್ಲಿ ನಿಂತದ್ದು ನೆನಪಾಯಿತು. ಮನೆ ಬಿಕೋ ಎನ್ನುತ್ತಿತ್ತು. ಬಾಯಿಬಿಟ್ಟು ಹೇಳಿಯೂಬಿಟ್ಟೆ: “ಬಿಕೋ.”

ಪಕ್ಕದಲ್ಲಿ ಓದುತ್ತಿದ್ದ ಎಪ್ಪತ್ತು ದಾಟಿದ ಹೆಂಗಸೊಬ್ಬರು ತಲೆಯೆತ್ತಿದರು. ಮಗಳು ತನಗೆ ಬರುವ ಜಪಾನಿಯಲ್ಲಿ ವಿವರಿಸಿದಳು. ಅವರು “ಬಿಕೋ, ಬಿಕೋ” ಎಂದು ಎರಡು ಸಲ ಅಂದು ನೋಡಿ, ನಮ್ಮ ಹತ್ತಿರ ಸರಿದು ಕೂತರು. ಅಲ್ಲಿಂದ ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಹಿಮ ಸದ್ದಿಲ್ಲದೆ ಬೀಳುವುದಕ್ಕೂ ಅವರಲ್ಲಿ ಸದ್ದಿದೆ, ಶಿನ್‌ಶಿನ್. ಸಣ್ಣ ಮಳೆಗೆ ಶಿತೊಶಿತೊ ಎಂದರು, ನಾನು ಜಿಟಿಜಿಟಿ ಎಂದೆ. ಜೋರು ಮಳೆಗೆ ಅವರದು ಝಾಝಾ, ನಮ್ಮದು ಧೋ. ಮಿನುಗಿಗೆ ಕಿರಕಿರ ಎಂದಾಗ ನಮ್ಮಲ್ಲಿ ಕಿರಿಕಿರಿ ಅಂದರೆ ಬೇಸರ ಎಂದೆ, ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ನಿಮ್ಮ ಬಿಕೋವನ್ನು ಚಿತ್ರದಲ್ಲಿ ಹೇಗೆ ಬರೆಯುತ್ತೀರಿ?”

ನಮ್ಮ ಬಿಕೋಗೆ ‘ಎನ್ನು’ ಎಂಬ ಊರುಗೋಲು ಬೇಕು, ವಾಕ್ಯದೊಳಗೇ ಅದರ ವಾಸ. ಮಾಂಗಾದಲ್ಲಿ ಆ ಪದ ವಾಕ್ಯ ಬಿಟ್ಟು ಎದ್ದುಬಂದು ಚಿತ್ರವಾಗಿ ನಿಂತಿದೆ. ಅವರು ಬೆರಳಿಟ್ಟು ತೋರಿಸಿದರು: ಗುಳ್ಳೆಯೊಳಗಿನ ಮಾತು ಅಚ್ಚಿನಕ್ಷರ, ಸದ್ದು ಮಾತ್ರ ಚಿತ್ರಕಾರರ ಕೈಬರಹ. ಗುಡುಗಾದರೆ ಅಕ್ಷರವೇ ಚೌಕ ಸೀಳಿಕೊಂಡು ಹೊರಬರುತ್ತದೆ. ನಡುಗುವವನ ಹಲ್ಲಿನ ಸದ್ದು ಗೆರೆಯಲ್ಲೇ ನಡುಗುತ್ತದೆ. ಆ ಗೆರೆ ನೋಡಿದ ಮೇಲೆ, ಅನುವಾದದಲ್ಲಿ ಮಾಂಗಾದ ಏನು ಕೈಬಿಟ್ಟುಹೋಗುತ್ತದೆಂದು ನನಗೆ ತಿಳಿಯಿತು.

ಮಧ್ಯಾಹ್ನ ಅವರೇ ನಮ್ಮನ್ನು ಕಾಮಿಶಿಬಾಯಿಗೆ, ಕಾಗದದ ನಾಟಕಕ್ಕೆ, ಕರೆದುಕೊಂಡು ಹೋದರು. 1930ರ ದಶಕದಲ್ಲಿ ಸೈಕಲ್ಲಿನ ಮೇಲೆ ಮರದ ಚೌಕಟ್ಟು ಹೊತ್ತು ಬರುತ್ತಿದ್ದವರು ಮಕ್ಕಳಿಗೆ ಮಿಠಾಯಿ ಮಾರಿ ಚಿತ್ರ ತೋರಿಸುತ್ತಿದ್ದರು. ಇಲ್ಲಿನ ಕತೆಗಾರ ಚೌಕಟ್ಟಿನೊಳಗಿನ ಒಂದು ಚಿತ್ರವನ್ನು ಅರ್ಧ ಎಳೆದು ನಿಲ್ಲಿಸಿದ. ಅದರ ಹಿಂದಿದ್ದ ಚಿತ್ರದಲ್ಲಿ ಯಾರದೋ ಕಾಲು ಮಾತ್ರ ಕಾಣುತ್ತಿತ್ತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದರು, ನಾನೂ.

“ಅನಿಮೆಯಲ್ಲೂ ಹೀಗೇ ಅಲ್ವಾ ಅಮ್ಮ?” ಎಂದಳು ಮಗಳು. ಅನಿಮೆ ಎಂದರೆ ಜಪಾನಿನ ಅನಿಮೇಷನ್. ಮಾಂಗಾ ಚಿತ್ರಕಾರ ತೆಜುಕಾ ಒಸಾಮು ಅವರ ಅನಿಮೆ ಸರಣಿ ‘ತೆತ್ಸುವಾನ್ ಅತೊಮು’ 1963ರ ಜನವರಿ 1ರಂದು ಟಿವಿಯಲ್ಲಿ ಶುರುವಾದಾಗ ವಾರವಾರವೂ ಅರ್ಧ ಗಂಟೆಯ ಕಂತು ಮುಗಿಸಬೇಕಿತ್ತು, ಕಾಸೂ ಕಡಿಮೆ. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನೂ ಮೂರು ಚೌಕಟ್ಟು ನಿಲ್ಲಿಸಿದರೆ ಎಂಟು ಚಿತ್ರ ಸಾಕು. ಕೆಲವು ಕಡೆ ಮುಖ ಅಲುಗುವುದೇ ಇಲ್ಲ, ದನಿ ಮಾತ್ರ ಹರಿಯುತ್ತದೆ. ಇದನ್ನು ಬಡತನದ ಗುರುತು ಎನ್ನುವವರನ್ನು ನಾನು ಒಪ್ಪಲಾರೆ. ಅರ್ಧ ಎಳೆದ ಆ ಚಿತ್ರದ ಮುಂದೆ ಕೂತವರಿಗೆ ಗೊತ್ತು, ನಿಲ್ಲಿಸುವುದಕ್ಕೂ ಕೈ ಪಳಗಿರಬೇಕು.

ಹೊರಡುವಾಗ ಆ ಹೆಂಗಸು ಟಿಪ್ಪಣಿ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು. ನಾನು ಕನ್ನಡದಲ್ಲಿ ‘ಬಿಕೋ’ ಎಂದು ಬರೆದೆ. ಅವರು ಕೊನೆಯ ದೀರ್ಘವನ್ನು ಬೆರಳಿನಿಂದ ಮುಟ್ಟಿ ಏನೋ ಕೇಳಿದರು. “ಇದನ್ನ ಇನ್ನೂ ಎಳೀಬಹುದಾ ಅಂತಿದಾರೆ,” ಎಂದಳು ಮಗಳು.

ಪೆನ್ನು ವಾಪಸ್ಸು ತೆಗೆದುಕೊಂಡು, ಕೈ ಹಗುರ ಮಾಡಿ, ಆ ದೀರ್ಘವನ್ನು ಹಾಳೆಯ ಅಂಚಿನ ತನಕ ಎಳೆದೆ.