ಹಪ್ಪಳ ನೆನೆಯಲಿ, ಅವನು ಏಳಬಾರದು

ಘಟ್ಟದ ಮೇಲೆ ಸೋಮಾರಿತನ ಅನ್ನುವುದಕ್ಕೆ ನಮ್ಮ ಮಂಗಳೂರು, ಉಡುಪಿ ಕಡೆ ‘ಉದಾಸೀನ’ ಎನ್ನುವುದು. ಅದರ ಮೇಲೆ ಕಿರುಚಿತ್ರ ಮಾಡಹೊರಟವರು ಮೊದಲು ತೆಗೆಯುವುದೇ ಆಕಳಿಸುವ ಮನುಷ್ಯನನ್ನು. ಆಕಳಿಕೆಯಲ್ಲಿ ಕಾಣುವುದು ನಿದ್ದೆ. ಮಾಡಬೇಕಾದ ಕೆಲಸ ಎದುರಿಗೇ ಬಿದ್ದಿದ್ದರೆ ಮಾತ್ರ ಉದಾಸೀನ ಕಾಣುತ್ತದೆ.

ಮೇ ತಿಂಗಳ ಒಂದು ಹಂಚಿನ ಮನೆ ಸಾಕು. ಜಗಲಿಯ ಆರಾಮಕುರ್ಚಿಯಲ್ಲಿ ಒಬ್ಬ, ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ. ಮೋಡ ಕಟ್ಟುತ್ತದೆ, ಹನಿ ಬೀಳುತ್ತದೆ, ಅವನು ಏಳುವುದಿಲ್ಲ. ನಾಲ್ಕು ನಿಮಿಷ, ಒಂದೇ ಶಾಟ್.

ಅವನೂ ಹಪ್ಪಳವೂ ಒಟ್ಟಿಗೆ ಸ್ಪಷ್ಟವಾಗಿ ಕಾಣಬೇಕು. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್, ಅದರ ಕಿಂಡಿ, ಅಂದರೆ ಅಪರ್ಚರ್, ಎಫ್ 8 ಇಟ್ಟು 5 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು ಎರಡೂವರೆ ಮೀಟರಿನಿಂದ ಆಚೆ ಎಲ್ಲವೂ ಸಿಗುತ್ತದೆ. ಕುರ್ಚಿ 3 ಮೀಟರಿನಲ್ಲಿರಲಿ. ಎಕ್ಸ್‌ಪೋಶರ್, ಅಂದರೆ ಒಳಬರುವ ಬೆಳಕಿನ ಅಳತೆ, ಆಟೋದಲ್ಲಿ ಬಿಟ್ಟರೆ ಶಾಟ್ ಹಾಳು: ಮೋಡ ಕವಿಯುತ್ತಿದ್ದಂತೆ ಕ್ಯಾಮೆರಾವೇ ಬೆಳಕು ಏರಿಸಿ ಕತ್ತಲನ್ನು ನುಂಗಿಬಿಡುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎಲ್ಲ ಮ್ಯಾನ್ಯುವಲ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್.

ಫ್ಯಾನ್ ಫ್ರೇಮಿಗೆ ಬಂದರೆ ಜಾಗ್ರತೆ. ಮೂರು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 500 ಸುತ್ತು ತಿರುಗಿದರೆ ಸೆಕೆಂಡಿಗೆ 25 ರೆಕ್ಕೆ ದಾಟುತ್ತದೆ, ಫ್ರೇಮೂ ಅಷ್ಟೇ, ಹಾಗಾಗಿ ಪರದೆಯಲ್ಲಿ ನಿಂತೇ ಬಿಟ್ಟಂತೆ ಕಾಣುತ್ತದೆ. ವೇಗ ಚೂರು ಇಳಿದರೆ ಹಿಂದಕ್ಕೆ ತಿರುಗುತ್ತದೆ. ಫ್ಯಾನಿಗೂ ಉದಾಸೀನ ಬಂತು ಎಂದು ನಗಬಹುದು, ಆದರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ರೆಗ್ಯುಲೇಟರ್ ಒಂದಕ್ಕೆ ಇಳಿಸಿ.

ನಿಜವಾದ ಮಳೆಗೆ ಕಾಯುತ್ತ ಕೂತರೆ ಆಗುವುದಿಲ್ಲ. ಪಿವಿಸಿ ಪೈಪಿಗೆ ಸಣ್ಣ ತೂತು ಕೊರೆದು, ಚಾಪೆಯ ಮೇಲೆ, ಫ್ರೇಮಿನ ಆಚೆ, ಎತ್ತರದಲ್ಲಿ ಕಟ್ಟಿ. ತೂತು ಆಕಾಶಕ್ಕೆ ಮುಖ ಮಾಡಿರಬೇಕು. ನೀರು ಮೇಲೆ ಚಿಮ್ಮಿ, ಒಡೆದು ಬಿದ್ದರೆ ಹನಿ. ಕೆಳಮುಖ ಇಟ್ಟರೆ ನಲ್ಲಿಯ ನೀರಿನ ಹಾಗೆ ಗೆರೆಗೆರೆ. ಬೆಳಕು ಹಿಂದಿನಿಂದ ಬರಲಿ, ಇಲ್ಲದಿದ್ದರೆ ಹನಿ ಕಾಣುವುದೇ ಇಲ್ಲ. ಒಮ್ಮೆ ನೆನೆದ ಹಪ್ಪಳ ಇನ್ನೊಂದು ಟೇಕಿಗೆ ಬರುವುದಿಲ್ಲ, ಆದ್ದರಿಂದ ಮೂರು ಚಾಪೆಯಷ್ಟು ತಯಾರಿರಲಿ.

ಹಂಚಿನ ಮೇಲಿನ ಮಳೆ ಬೇರೆಲ್ಲ ಶಬ್ದವನ್ನು ಮುಚ್ಚುತ್ತದೆ. ಅದನ್ನು ಪ್ರತ್ಯೇಕ ರೆಕಾರ್ಡ್ ಮಾಡಿ. ಮಳೆಗೆ ಮೊದಲಿನ ಅಂಗಳದ ಮೌನವನ್ನೂ ಒಂದು ನಿಮಿಷ ಹಿಡಿದಿಡಿ.

ನಟನಿಗೆ ‘ಉದಾಸೀನ ತೋರಿಸು’ ಎನ್ನಬೇಡಿ, ಮೈಮುರಿಯಲು ಶುರು ಮಾಡುತ್ತಾನೆ. ‘ಹತ್ತು ಹನಿ ಎಣಿಸಿ ಏಳು, ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ’ ಎನ್ನಿ. ಇನ್ನೇನು ಎದ್ದ ಅನ್ನಿಸುವಾಗಲೂ ಕಟ್ ಹೇಳದೆ, ಇನ್ನೂ 20 ಸೆಕೆಂಡ್ ಕ್ಯಾಮೆರಾ ಓಡಲಿ.