ಹಲ್ದಿಘಾಟಿಯಿಂದ ಚಾವಂಡಕ್ಕೆ

ಚೇತಕ್ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಇತಿಹಾಸದ ಪಾಠದಲ್ಲಲ್ಲ, ಅಪ್ಪನ ಬಜಾಜ್ ಸ್ಕೂಟರಿನ ಮೇಲೆ. ಅದು ಈಗಿನ ರಾಜಸ್ಥಾನದ ಮೇವಾಡವನ್ನು ಆಳಿದ ಮಹಾರಾಣಾ ಪ್ರತಾಪನ ಕುದುರೆಯ ಹೆಸರೆಂದು ತಿಳಿಸಿದವರೂ ಅಪ್ಪನೇ. ಕಳೆದ ಚಳಿಗಾಲದಲ್ಲಿ ಉದಯಪುರದಲ್ಲಿ ತಂಗಿ, ನಾಲ್ಕು ದಿನ ಪ್ರತಾಪನ ಜಾಡು ಹಿಡಿದು ಸುತ್ತಾಡಿದೆ.

ಮೊದಲ ದಿನ ಕುಂಭಲಗಢ. ಪ್ರತಾಪನು 1540ರಲ್ಲಿ ಹುಟ್ಟಿದ್ದು ಇಲ್ಲಿ. ಹದಿನೈದನೆಯ ಶತಮಾನದಲ್ಲಿ ರಾಣಾ ಕುಂಭನು ಕಟ್ಟಿಸಿದ ಈ ಕೋಟೆಯ ಗೋಡೆ ಸುಮಾರು 36 ಕಿಲೋಮೀಟರ್ ಉದ್ದವಿದೆ ಎನ್ನುತ್ತಾರೆ. ಪ್ರವಾಸಿಗರೆಲ್ಲ ಗೋಡೆಯ ಚಿತ್ರ ತೆಗೆಯುವುದರಲ್ಲೇ ಮಗ್ನರಾಗಿದ್ದರು. ನಾನೂ ಅದಕ್ಕೆ ಹೊರತಾಗಿರಲಿಲ್ಲ.

ಹಲ್ದಿಘಾಟಿ ಉದಯಪುರದಿಂದ ಸುಮಾರು 40 ಕಿಲೋಮೀಟರ್ ದೂರ. ನಮ್ಮ ಘಟ್ಟಗಳನ್ನು ಕಂಡವರಿಗೆ ಇದನ್ನು ಘಟ್ಟವೆನ್ನಲು ಮನಸ್ಸಾಗದು. ಕುರುಚಲು ಗಿಡಗಳ ಗುಡ್ಡಗಳ ನಡುವಿನ ಇಕ್ಕಟ್ಟಾದ ದಾರಿ ಅಷ್ಟೆ. ಆದರೆ ರಸ್ತೆಗಾಗಿ ಕಡಿದ ಗುಡ್ಡದ ಪಕ್ಕೆಯಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಜ್ಜಿದರೆ, ಹಲ್ದಿ, ಅಂದರೆ ಅರಿಶಿನ, ಎಂಬ ಹೆಸರು ಏಕೆ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ: ಡಬ್ಬಿಯಲ್ಲಿ ವರ್ಷಗಟ್ಟಲೆ ಉಳಿದ ಅರಿಶಿನದ ಪುಡಿಯದೇ ಬಣ್ಣ, ಬೆರಳಿನ ಗೆರೆಗಳಲ್ಲಿ ಕೂತರೆ ಬೇಗ ಬಿಡುವುದೂ ಇಲ್ಲ. ರಸ್ತೆಯ ಬದಿಯಲ್ಲಿ ಇಲ್ಲಿನ ಗುಲಾಬಿಯಿಂದ ಮಾಡಿದ ಗುಲ್ಕಂದ್ ಮತ್ತು ಪನ್ನೀರು ಮಾರುವ ಅಂಗಡಿಗಳಿವೆ.

1576ರ ಜೂನ್ ತಿಂಗಳ ಕಡುಬಿಸಿಲಿನಲ್ಲಿ ಪ್ರತಾಪನಿಗೂ ಮೊಗಲ್ ಚಕ್ರವರ್ತಿ ಅಕ್ಬರನ ಸೇನೆಗೂ ನಡೆದ ಕಾಳಗವು ಕಣಿವೆಯನ್ನು ದಾಟಿ ಖಮನೋರ್ ಊರಿನ ಬಯಲಿನವರೆಗೂ ಹರಡಿತ್ತು. ರಕ್ತ ತಲಾಯಿ, ಅಂದರೆ ರಕ್ತದ ಕೆರೆ, ಎಂದು ಕರೆಯುವ ಆ ಬಯಲು ಈಗ ಒಂದು ಉದ್ಯಾನ. ಪ್ರತಾಪನ ಪರವಾಗಿ ಮಕ್ಕಳೊಂದಿಗೆ ಹೋರಾಡಿ ಮಡಿದ ಗ್ವಾಲಿಯರಿನ ರಾಮಶಾಹ ತನ್ವರನ ಛತ್ರಿ, ಎಂದರೆ ಸ್ಮಾರಕ ಮಂಟಪ, ಇಲ್ಲಿದೆ. ಈ ಯುದ್ಧವನ್ನು ಎರಡು ಧರ್ಮಗಳ ಹೋರಾಟವೆಂದು ಸರಳವಾಗಿ ಹೇಳಿಬಿಡುವವರು, ಅಕ್ಬರನ ಸೇನೆಯನ್ನು ನಡೆಸಿದವನು ಆಮೇರಿನ ರಜಪೂತ ಮಾನಸಿಂಹನೆಂಬುದನ್ನೂ, ಪ್ರತಾಪನ ಮುಂಚೂಣಿಯಲ್ಲಿದ್ದವನು ಹಕೀಮ್ ಖಾನ್ ಸೂರ್ ಎಂಬ ಅಫ್ಘಾನನೆಂಬುದನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಗಾಯಗೊಂಡ ಚೇತಕ್ ತನ್ನ ಒಡೆಯನನ್ನು ಹೊತ್ತು ಹಳ್ಳವನ್ನು ಹಾರಿ ಪ್ರಾಣಬಿಟ್ಟಿತೆಂದು ಜನ ನಂಬಿರುವ ಜಾಗದಲ್ಲಿ ಒಂದು ಚಿಕ್ಕ ಸಮಾಧಿಯಿದೆ. ಅತಿ ಹೆಚ್ಚು ಜನ ಸೇರಿದ್ದುದು ಅಲ್ಲಿಯೇ.

ಆದರೆ ಹಲ್ದಿಘಾಟಿಯ ಕಾಳಗ ಒಂದೇ ದಿನದ್ದು. ಅಂದು ಕಣದಿಂದ ಹಿಂದೆ ಸರಿದ ಪ್ರತಾಪನು ಭಿಲ್ಲರ ನೆರವಿನಿಂದ ಗುಡ್ಡಗಾಡಿನಲ್ಲಿ ವರ್ಷಗಟ್ಟಲೆ ಸೆಣಸಿ, 1582ರಲ್ಲಿ ದಿವೇರಿನಲ್ಲಿ ಮೊಗಲರ ಠಾಣೆಯನ್ನು ಗೆದ್ದು, ಮೇವಾಡದ ಬಹುಭಾಗವನ್ನು ಮರಳಿ ಪಡೆದದ್ದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1568ರಲ್ಲಿ ಕೈತಪ್ಪಿದ ಮೇವಾಡದ ಹಳೆಯ ರಾಜಧಾನಿ ಚಿತ್ತೋಡ ಮಾತ್ರ ಅವನಿಗೆ ಕೊನೆಯವರೆಗೂ ದಕ್ಕಲಿಲ್ಲ.

ಉದಯಪುರದ ದಕ್ಷಿಣಕ್ಕಿರುವ ಚಾವಂಡ ಅವನ ಕೊನೆಯ ರಾಜಧಾನಿ. ಅಲ್ಲಿಗೆ ಹೋಗಬೇಕೆಂದಾಗ ಕಾರಿನ ಚಾಲಕರು, “ಅಲ್ಲೇನಿದೆ ಸಾಹೇಬ್?” ಎಂದು ಕೇಳಿದರು. ನೋಡುವುದಕ್ಕೆ ಹೆಚ್ಚೇನೂ ಇಲ್ಲವೆಂಬುದು ನಿಜ: ಗುಡ್ಡದ ಮೇಲೆ ಅರಮನೆಯ ಬಿದ್ದುಹೋದ ಗೋಡೆಗಳು, ಸಮೀಪದಲ್ಲಿ ಚಾಮುಂಡಾ ದೇವಿಯ ಗುಡಿ. ಅವನು ಇಲ್ಲಿಂದ ಸುಮಾರು ಹನ್ನೆರಡು ವರ್ಷ ಆಳಿದನು. ಅವನ ಮಗ ಅಮರಸಿಂಹನ ಕಾಲದಲ್ಲಿ, 1605ರಲ್ಲಿ, ನಾಸಿರುದ್ದೀನನೆಂಬ ಕಲಾವಿದ ಸಂಗೀತದ ರಾಗಗಳಿಗೆ ರೂಪ ಕೊಡುವ ರಾಗಮಾಲಾ ಚಿತ್ರಗಳನ್ನು ಬರೆದದ್ದೂ ಇದೇ ಊರಿನಲ್ಲಿ. ಗೋಡೆಗಳ ಎತ್ತರ ಈಗ ಅಲ್ಲಲ್ಲಿ ನನ್ನ ಮೊಣಕಾಲಿಗೂ ಬರುವುದಿಲ್ಲ. ಒಂದು ಕೋಣೆಯ ಜಾಗದಲ್ಲಿ ಮೇಕೆಗಳು ಮಲಗಿದ್ದವು.

1597ರ ಜನವರಿಯಲ್ಲಿ ತೀರಿಕೊಂಡ ಪ್ರತಾಪನ ಅಂತ್ಯಕ್ರಿಯೆ ಪಕ್ಕದ ಬಂಡೋಲಿಯಲ್ಲಿ ನಡೆಯಿತು. ಕೆರೆಯ ನೀರಿನ ನಡುವೆ ಎಂಟು ಕಂಬಗಳ ಕಲ್ಲಿನ ಛತ್ರಿಯೊಂದು ನಿಂತಿದೆ. ನಾವು ಹೋದಾಗ ಅಲ್ಲಿ ಇದ್ದವರು ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಮಾತ್ರ. ಏನೂ ಇಲ್ಲವೆಂದಿದ್ದ ಚಾಲಕರು ಚಪ್ಪಲಿಯನ್ನು ದಡದಲ್ಲೇ ಬಿಟ್ಟು ನನಗಿಂತ ಮೊದಲು ಛತ್ರಿಯ ಬಳಿಗೆ ಹೋಗಿ, ಕಲ್ಲಿಗೆ ಹಣೆ ತಾಗಿಸಿ ಬಹಳ ಹೊತ್ತು ಹಾಗೆಯೇ ಇದ್ದರು.