ಟ್ರೋಮ್ಸೋದಿಂದ ಲಾಂಗ್‌ಯಿಯರ್‌ಬ್ಯೆನ್‌ಗೆ: ಉತ್ತರಕ್ಕೆ 960 ಕಿಲೋಮೀಟರ್

ನಾರ್ವೆಯ ಟ್ರೋಮ್ಸೋದಿಂದ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗ್‌ಯಿಯರ್‌ಬ್ಯೆನ್‌ಗೆ ವಿಮಾನದಲ್ಲಿ ಸುಮಾರು 1 ಗಂಟೆ 40 ನಿಮಿಷ. ದೂರ 960 ಕಿ.ಮೀ. ಆಸುಪಾಸು. ಬೆಂಗಳೂರು–ಮುಂಬೈ ಹಾರಾಟಕ್ಕಿಂತ ನೂರು ಚಿಲ್ಲರೆ ಕಿಲೋಮೀಟರ್ ಹೆಚ್ಚು, ಅಷ್ಟೆ. ಆದರೆ ಈ ದಾರಿ ಹೆಚ್ಚುಕಡಿಮೆ ನೇರ ಉತ್ತರಕ್ಕೇ ಹೋಗುತ್ತದೆ. ಅದರ ಪರಿಣಾಮ ಇಳಿದ ಮೇಲೆ ತಿಳಿಯುತ್ತದೆ.

ಲೆಕ್ಕ ಹಾಕುವುದು ಸುಲಭ. ಟ್ರೋಮ್ಸೋ 69.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಲಾಂಗ್‌ಯಿಯರ್‌ಬ್ಯೆನ್ 78.2ರಲ್ಲಿ. ನಡುವಿನ ಎಂಟೂವರೆ ಡಿಗ್ರಿಗೆ, ಡಿಗ್ರಿಯೊಂದಕ್ಕೆ 111 ಕಿ.ಮೀ.ಯಂತೆ, 940 ಕಿ.ಮೀ. ದಾಟುತ್ತದೆ. ರೇಖಾಂಶದಲ್ಲೂ ಮೂರೂವರೆ ಡಿಗ್ರಿ ವ್ಯತ್ಯಾಸವಿದೆ. ಸಮಭಾಜಕದ ಬಳಿ ಅಷ್ಟಕ್ಕೇ 390 ಕಿ.ಮೀ. ಆಗುತ್ತಿತ್ತು, 78 ಡಿಗ್ರಿಯಲ್ಲಿ ಉಳಿಯುವುದು ಸುಮಾರು 80 ಕಿ.ಮೀ. ಮಾತ್ರ. ಶಾಲೆಯ ಭೂಗೋಳದಲ್ಲಿ ಓದಿದ್ದು ಇಲ್ಲಿ ಕಿಟಕಿಯ ಹೊರಗೇ ನಡೆಯುತ್ತದೆ.

ನಾನು ಹೋದದ್ದು ಆಗಸ್ಟ್ ಮೊದಲ ವಾರ. ಹಿಂದಿನ ರಾತ್ರಿ ಟ್ರೋಮ್ಸೋದಲ್ಲಿ, ತಡವಾಗಿಯಾದರೂ, ಸೂರ್ಯ ಮುಳುಗಿದ್ದ. ಲಾಂಗ್‌ಯಿಯರ್‌ಬ್ಯೆನ್‌ನಲ್ಲಿ ಏಪ್ರಿಲ್ 20ರ ಸುಮಾರಿಗೆ ಮೇಲೆದ್ದವನು ಆಗಸ್ಟ್ 20 ಕಳೆಯುವವರೆಗೂ ಮುಳುಗುವುದೇ ಇಲ್ಲ.

ಹೊರಡುವಾಗ ಪಾಸ್‌ಪೋರ್ಟ್ ತಪಾಸಣೆ ಇದೆ. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ. ಮರಳಿ ನಾರ್ವೆಗೆ ಕಾಲಿಡುವುದೆಂದರೆ ಮತ್ತೊಂದು ಪ್ರವೇಶ. ಆದ್ದರಿಂದ ಭಾರತದಿಂದ ಹೋಗುವವರು ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅನುಮತಿಯಿರುವ ವೀಸಾ ಪಡೆಯಲೇಬೇಕು.

ದಾರಿಯುದ್ದಕ್ಕೂ ಮೋಡ. ಕೊನೆಗೆ ಮೋಡ ಹರಿದಾಗ ಚೂಪು ಶಿಖರಗಳು, ಅವುಗಳ ಸಂದಿಯಲ್ಲಿ ಬೂದುಗಪ್ಪು ಗೆರೆಗಳಿರುವ ಹಿಮನದಿಗಳು ಕಂಡವು. ಮರವೆಂಬುದು ಒಂದೂ ಇಲ್ಲ. ವಿಮಾನ ಇಸ್‌ಫ್ಯೋರ್ಡ್ ಕೊಲ್ಲಿಯ ಮೇಲೆ ತಗ್ಗಿ, ನೀರಿನಂಚಿನ ರನ್‌ವೇ ಮುಟ್ಟಿತು.

ಈ ರನ್‌ವೇಯನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ಅದು ಸದಾ ಹೆಪ್ಪುಗಟ್ಟಿರುವ ನೆಲದ ಮೇಲಿದೆ. ಬೇಸಿಗೆಯಲ್ಲಿ ಮೇಲ್ಪದರ ಕರಗಿ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುವಾಗ ನೆಲ ಉಬ್ಬುತ್ತದೆ, ಕುಸಿಯುತ್ತದೆ. ದುರಸ್ತಿ ಮುಗಿಯುವುದೇ ಇಲ್ಲ. ಹವಾಮಾನ ಬೆಚ್ಚಗಾದಂತೆ ಆ ಕೆಲಸ ಇನ್ನಷ್ಟು ಕಠಿಣವಾಗುತ್ತಿದೆ. 1975ರಲ್ಲಿ ಈ ನಿಲ್ದಾಣ ತೆರೆಯುವ ಮೊದಲು, ಸಮುದ್ರ ಹೆಪ್ಪುಗಟ್ಟಿದ ತಿಂಗಳುಗಳಲ್ಲಿ ಇಲ್ಲಿನ ಕಲ್ಲಿದ್ದಲು ಗಣಿಯವರಿಗೆ ಹಡಗುಗಳ ಸಂಪರ್ಕವೇ ಇರುತ್ತಿರಲಿಲ್ಲ. ವಿಮಾನ ಯಾನದ ನಿಜವಾದ ಬೆಲೆ ನನಗೆ ಅರಿವಾದದ್ದು ಇಲ್ಲಿಯೇ.

ಹೊರಗೆ ನಗರಗಳ ದೂರ ತೋರಿಸುವ ಕಂಬ, ಪಕ್ಕದಲ್ಲಿ ಹಿಮಕರಡಿಯ ಎಚ್ಚರಿಕೆ ಫಲಕ. ಮೇಲಿನ ಇಳಿಜಾರಿನಲ್ಲಿ, ಜಗತ್ತಿನ ಬೆಳೆಗಳ ಬೀಜಗಳನ್ನು ಕಾಪಿಡಲು 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರದ ಕಾಂಕ್ರೀಟ್ ಬಾಗಿಲು.

ಅದೇ 2008ರಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಇನ್ನೂ ಉತ್ತರದ ನ್ಯೂ–ಓಲೆಸುಂಡ್‌ನಲ್ಲಿ ಆರಂಭವಾಯಿತು. ಇಲ್ಲಿಂದ ನೂರು ಕಿ.ಮೀ.ಗಿಂತ ತುಸು ಹೆಚ್ಚು. ಸಣ್ಣ ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ಆ ಆಸನಗಳು ಮುಖ್ಯವಾಗಿ ಸಂಶೋಧಕರಿಗೂ ಸಿಬ್ಬಂದಿಗೂ ಮೀಸಲು. ಪ್ರವಾಸಿಗರಿಗೆ ಬೇಸಿಗೆಯ ದೋಣಿಯೇ ದಾರಿ, ಹೋಗಿಬರಲು ಇಡೀ ದಿನ ಬೇಕು. ಮಾರನೆಯ ಬೆಳಗಿನ ದೋಣಿಗೆ ಟಿಕೆಟ್ ತೆಗೆದುಕೊಂಡೆ.